ನಾಲ್ಕಾಣೆ, ಪಾವು, ಕೊಸರು: ಮೂಲೆ ಅಂಗಡಿಯ ಚರಿತ್ರೆ

ನಾವು ಚಿಕ್ಕವರಿದ್ದಾಗ ಎರಡು ಲೆಕ್ಕ ಕಲಿಯಬೇಕಿತ್ತು. ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು ಪೈಸೆ, ಗ್ರಾಂ. ಮನೆಯಲ್ಲಿ ಅಜ್ಜಿ ಹೇಳಿ ಕಳಿಸುತ್ತಿದ್ದದ್ದು, "ಎಂಟಾಣೆ ಕೊಟ್ಟು ಬೆಂಕಿಪೊಟ್ಟಣ ತಗೊ, ಒಂದು ಪಾವು ಹುರಿಗಡಲೆ ತಗೊ." ಮೂಲೆ ಅಂಗಡಿಯ ಶೆಟ್ಟರಿಗೆ ಎರಡು ಲೆಕ್ಕವೂ ಗೊತ್ತಿತ್ತು.

ಅಜ್ಜಿಯ ಲೆಕ್ಕ ಸರ್ಕಾರ ಎಂದೋ ಕೈಬಿಟ್ಟ ಲೆಕ್ಕ. ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇತ್ತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. ನಾಲ್ಕಾಣೆ ಸರಿಯಾಗಿ 25 ಪೈಸೆಗೆ ಕೂತಿತು, ಎಂಟಾಣೆ 50ಕ್ಕೆ ಕೂತಿತು. ಹಾಗಾಗಿ ಆ ಹೆಸರುಗಳು ಬಾಯಲ್ಲಿ ಉಳಿದವು. ಒಂದಾಣೆ ಮಾತ್ರ ಆರೂಕಾಲು ಪೈಸೆ. ಆ ಬೆಲೆಗೆ ನಾಣ್ಯವೇ ಇರಲಿಲ್ಲ. ತೂಕವೂ ಹಾಗೆಯೇ. 1956ರ ಕಾಯ್ದೆ ಕಿಲೋ, ಲೀಟರ್ ತಂದಿತು. ಆದರೂ ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕ ಅಡುಗೆಮನೆ ಬಿಟ್ಟು ಹೋಗಲಿಲ್ಲ.

ದೆಹಲಿಯಲ್ಲಿ ಆದ ಕಾನೂನು ಊರಿಗೆ ಬರುತ್ತಿದ್ದದ್ದು ಈ ಅಂಗಡಿಯ ತಕ್ಕಡಿಯ ಮೂಲಕ. ನಾಲ್ಕಾಣೆ ಪಾವಲಿಯ ಕಥೆ 2011ರ ಜೂನ್ 30ಕ್ಕೆ ಮುಗಿಯಿತು. ಐವತ್ತು ಪೈಸೆ ಕಾನೂನಿನಲ್ಲಿ ಇನ್ನೂ ಇದೆ, ಗಲ್ಲಾಪೆಟ್ಟಿಗೆಯಲ್ಲಿ ಇಲ್ಲ. ಎಂಟಾಣೆಯ ಬೆಂಕಿಪೊಟ್ಟಣ 2007ರಲ್ಲಿ ಒಂದು ರೂಪಾಯಿ ಆಯಿತು, 2021ರ ಡಿಸೆಂಬರ್‌ನಲ್ಲಿ ಎರಡು ರೂಪಾಯಿ.

ಬಿಡಿಯಾಗಿ ತೂಗಿ ಕೊಡುತ್ತಿದ್ದ ಕಾಲದಲ್ಲಿ ಕೊಸರು ಅಂತ ಒಂದಿತ್ತು. ತೂಕ ಮುಗಿದ ಮೇಲೆ ಮಕ್ಕಳ ಕೈಗೆ ಒಂದು ಚೂರು ಬೆಲ್ಲ, ನಾಲ್ಕು ಕಾಳು ಕಡಲೆ. ಪ್ಯಾಕೆಟ್ ಬಂತು, ಮೇಲೆ ಬೆಲೆ ಅಚ್ಚಾಯಿತು, ಕೊಸರಿಗೆ ಜಾಗವಿಲ್ಲದಂತಾಯಿತು.

ಇನ್ನೊಂದು, ಉದ್ರಿ ಪುಸ್ತಕ. "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡಿನ ಕೆಳಗೇ ಶೆಟ್ಟರು ಸಾಲ ಬರೆದುಕೊಳ್ಳುತ್ತಿದ್ದರು. ರಾಗಿ ಒಕ್ಕಣೆ ಆದ ಮೇಲೆ, ಕೂಲಿ ಬಟವಾಡೆ ಆದ ಮೇಲೆ ತೀರಿಸುವುದು. ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಪುಸ್ತಕದ ಬಲದಿಂದ.

ಹಾಗಂತ ಹಳೆಯದೆಲ್ಲ ಬೆಲ್ಲವಲ್ಲ. ಹಬ್ಬದ ಹಿಂದಿನ ದಿನ ನಾಲ್ಕು ಜನರ ಮುಂದೆ "ಹಳೇ ಬಾಕಿ ಏನಾಯ್ತು?" ಅಂತ ಕೇಳಿಸಿಕೊಂಡು ಬರಿಗೈಲಿ ವಾಪಸ್ ಬಂದ ತಾಯಂದಿರಿದ್ದಾರೆ. ದಲಿತ ಕೇರಿಯ ಹಿರಿಯರನ್ನು ಕೇಳಿ. ಎಷ್ಟೋ ಊರುಗಳಲ್ಲಿ ಅವರು ಮೆಟ್ಟಿಲು ಹತ್ತುವಂತಿರಲಿಲ್ಲ, ಕೈಗೆ ಕೈ ತಾಗದಂತೆ ಪೊಟ್ಟಣ ಮೇಲಿನಿಂದ ಬೀಳುತ್ತಿತ್ತು. ಕೊಸರು ಎಲ್ಲ ಮಕ್ಕಳಿಗೂ ಸಿಗುತ್ತಿರಲಿಲ್ಲ.

ಇವತ್ತು ಅದೇ ಅಂಗಡಿಗಳಲ್ಲಿ ಫೋನ್ ಹಿಡಿದರೆ ಹಣ ಹೋಗುತ್ತದೆ. ಯಾರ ಕೈ, ಯಾವ ಜಾತಿ ಎಂದು ಆ ಯಂತ್ರ ಕೇಳುವುದಿಲ್ಲ, ಅದು ಒಳ್ಳೆಯದೇ. ಆದರೆ ಖಾತೆಯಲ್ಲಿ ಹಣವಿಲ್ಲದಿದ್ದರೆ ಸುಗ್ಗಿಯವರೆಗೆ ಅದು ಕಾಯುವುದೂ ಇಲ್ಲ.

ರಾಜರ ಲೆಕ್ಕ ಶಾಸನದಲ್ಲಿದೆ, ಸರ್ಕಾರದ ಲೆಕ್ಕ ಕಡತದಲ್ಲಿದೆ. ಬಡವರ ಮನೆಯಲ್ಲಿ ಯಾವ ವರ್ಷ ಎಣ್ಣೆ ಎಷ್ಟು ಬಂತು, ಅಕ್ಕಿ ಎಷ್ಟಕ್ಕೆ ಕೊಂಡರು ಎಂಬುದು ಇರುವುದು ಉದ್ರಿ ಪುಸ್ತಕದಲ್ಲಿ ಮಾತ್ರ. ಅಂಗಡಿ ಮುಚ್ಚಿದಾಗ ಅದು ರದ್ದಿಗೆ ಹೋಗುತ್ತದೆ. ನಿಮ್ಮೂರಲ್ಲಿ ಅಂಥ ಪುಸ್ತಕ ಉಳಿದಿದ್ದರೆ ಮನೆಯವರನ್ನು ಕೇಳಿ ತೆಗೆದಿಡಿ. ಸಾಲಗಾರರ ಹೆಸರು ಬಿಟ್ಟು ವರ್ಷ, ಸಾಮಾನು, ಬೆಲೆ ಇಷ್ಟನ್ನು ಬರೆದುಕೊಳ್ಳಿ. ಅಂಗಡಿಯವರ ಮಾತು ಕೇಳಿ, ಮೆಟ್ಟಿಲ ಕೆಳಗೆ ನಿಂತವರ ಮಾತನ್ನೂ ಕೇಳಿ.