‘ಮಾಡರೇಟ್’ ಅಂದ್ರೆ ಯಾರಿಗೆ?

2024ರ ಜೂನ್ ಮೊದಲ ವಾರ. ಉತ್ತರಾಖಂಡದ ಸಹಸ್ರತಾಲ್ ಕಡೆಯಿಂದ ಸುದ್ದಿ ಬರುತ್ತಲೇ ಇತ್ತು. ಕರ್ನಾಟಕದವರೇ ಹೆಚ್ಚಾಗಿದ್ದ 22 ಮಂದಿಯ ಚಾರಣ ತಂಡ ಹಿಮಗಾಳಿಗೆ ಸಿಕ್ಕಿತ್ತು. ಸಾವಿನ ಸಂಖ್ಯೆ ಏರುತ್ತಾ ಹೋಗಿ ಒಂಬತ್ತಕ್ಕೆ ನಿಂತಿತು. ಬ್ರೇಕ್‌ನಲ್ಲಿ ಗ್ರಾಫಿಕ್ಸ್ ಡೆಸ್ಕ್‌ನ ಹುಡುಗ ಬಂದು ಕೇಳಿದ: “ಸರ್, ಈ ಟ್ರೆಕ್ ಈಸಿನಾ, ಮಾಡರೇಟಾ, ಡಿಫಿಕಲ್ಟಾ? ಸ್ಕ್ರೀನ್ ಮೇಲೆ ಒಂದು ಪದ ಹಾಕ್ಬೇಕು.”

ನನ್ನ ಹತ್ರ ಉತ್ತರ ಇರಲಿಲ್ಲ. ಆ ಪದ ಹಾಕಲೂ ಇಲ್ಲ. ಆದ್ರೆ ಪ್ರಶ್ನೆ ತಲೆಯಲ್ಲಿ ಉಳಿದುಬಿಡ್ತು. ಬೆಟ್ಟಕ್ಕೆ ‘ಸುಲಭ’, ‘ಕಷ್ಟ’ ಅಂತ ಮಾರ್ಕ್ಸ್ ಹಾಕೋಕೆ ಶುರು ಮಾಡಿದ್ದು ಯಾರು? ಯಾವ ಲೆಕ್ಕದ ಮೇಲೆ?

ಮೊದಲ ಲೆಕ್ಕ ಸಿಗೋದು ಸ್ಕಾಟ್ಲೆಂಡ್‌ನಲ್ಲಿ. ವಿಲಿಯಂ ನೈಸ್ಮಿತ್ ಅಂತ ಒಬ್ಬರು. ಸ್ಕಾಟಿಷ್ ಮೌಂಟನಿಯರಿಂಗ್ ಕ್ಲಬ್‌ನ ಸ್ಥಾಪಕರಲ್ಲೊಬ್ಬರು. 1892ರಲ್ಲಿ ಒಂದೇ ದಿನ ಮೂರು ಬೆಟ್ಟ ಹತ್ತಿ ಇಳಿದರು. ದೂರ 10 ಮೈಲಿ, ಏರು 6,300 ಅಡಿ, ತಗೊಂಡ ಸಮಯ ಆರೂವರೆ ಗಂಟೆ. ಅದನ್ನು ಒಂದು ಸೂತ್ರಕ್ಕೆ ಇಳಿಸಿದರು: ಮೂರು ಮೈಲಿಗೆ ಒಂದು ಗಂಟೆ, ಜೊತೆಗೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಕೂಡಿ ನೋಡಿ, ಸರಿಯಾಗಿ ಆರೂವರೆ ಗಂಟೆ ಬರುತ್ತೆ. ಇಂಜಿನಿಯರಿಂಗ್ ಓದಿದವನಿಗೆ ಇದಕ್ಕಿಂತ ಖುಷಿ ಬೇಕಾ? ಆದ್ರೆ ಅವರೇ ಒಂದು ಷರತ್ತು ಸೇರಿಸಿದ್ದರು. ಈ ಲೆಕ್ಕ ತಕ್ಕಮಟ್ಟಿಗೆ ಗಟ್ಟಿಮುಟ್ಟಾದ ಗಂಡಸರಿಗೆ ಅಂತ. ಸೂತ್ರ ಇವತ್ತಿಗೂ ಉಳಿದಿದೆ. ಷರತ್ತು ಯಾರಿಗೂ ನೆನಪಿಲ್ಲ.

ಎರಡನೆಯವರು ವಿಲ್ಲೋ ವೆಲ್ಜೆನ್‌ಬಾಖ್. ಜರ್ಮನಿಯ ಮ್ಯೂನಿಕ್‌ನವರು. ಅವರೂ ಇಂಜಿನಿಯರೇ! 1920ರ ದಶಕದಲ್ಲಿ ಬಂಡೆ ಹತ್ತುವ ಕಷ್ಟವನ್ನು ಆರು ದರ್ಜೆಗಳಾಗಿ ಭಾಗ ಮಾಡಿದರು. ಮೊದಲ ದರ್ಜೆ ‘ಸುಲಭ’, ಆರನೆಯದು ‘ವಿಪರೀತ ಕಷ್ಟ’. ನಾವಿವತ್ತು ಬಳಸೋ ಎಷ್ಟೋ ಪಟ್ಟಿಗಳ ಬೇರು ಅಲ್ಲಿದೆ. 1937ರಲ್ಲಿ ಅಮೆರಿಕದ ಸಿಯೆರಾ ಕ್ಲಬ್ ಅದನ್ನೇ ತನಗೆ ಬೇಕಾದಂತೆ ಬದಲಿಸಿಕೊಂಡಿತು. ಅಲ್ಲಿ ಒಂದನೇ ದರ್ಜೆ ಅಂದ್ರೆ ಬರೀ ನಡಿಗೆ, ಐದನೆಯದು ಹಗ್ಗ ಕಟ್ಟಿಕೊಂಡು ಹತ್ತೋದು.

ಆದ್ರೆ ಕಷ್ಟಕ್ಕೆ ಅಳತೆಪಟ್ಟಿ ಕೊಟ್ಟ ಆ ಮನುಷ್ಯನಿಗೆ ಏನಾಯ್ತು ಗೊತ್ತಾ? 1934ರ ಜುಲೈನಲ್ಲಿ ನಂಗಾ ಪರ್ವತದ ಮೇಲೆ ಅವರ ತಂಡ ಬಿರುಗಾಳಿಗೆ ಸಿಕ್ಕಿತು. ಇಳಿಯುವಾಗ ಮೂವರು ಜರ್ಮನ್ನರು, ಆರು ಶೆರ್ಪಾಗಳು ಪ್ರಾಣ ಬಿಟ್ಟರು. ಆ ಮೂವರಲ್ಲಿ ವೆಲ್ಜೆನ್‌ಬಾಖ್ ಕೂಡ ಒಬ್ಬರು. ಅವರ ಪಟ್ಟಿ ಅಳೆದದ್ದು ಬಂಡೆಯನ್ನು. ಗಾಳಿಗೆ, ಚಳಿಗೆ, ದಣಿದ ಜೊತೆಗಾರನಿಗೆ ಅದರಲ್ಲಿ ಕಾಲಂ ಇರಲಿಲ್ಲ.

ಸ್ವಿಸ್ ಆಲ್ಪೈನ್ ಕ್ಲಬ್‌ನವರು ಇದನ್ನು ಬಾಯಿಬಿಟ್ಟೇ ಹೇಳಿದ್ದಾರೆ. ಬೆಟ್ಟದ ನಡಿಗೆಗೆ ಅವರದು ಟಿ-1ರಿಂದ ಟಿ-6ರವರೆಗೆ ಆರು ಹಂತ. ಹಾದಿ ಹೇಗಿದೆ, ಎಂಥ ಶೂ ಬೇಕು, ದಾರಿ ಗುರುತಿಸೋಕೆ ಬರಬೇಕಾ, ಎಲ್ಲ ಬರೆದಿಟ್ಟಿದ್ದಾರೆ. ಜೊತೆಗೇ ಒಂದು ಮಾತು: ಇದೆಲ್ಲ ಒಳ್ಳೆ ಹವಾಮಾನಕ್ಕೆ, ಒಣ ನೆಲಕ್ಕೆ ಮಾತ್ರ. ನಮ್ಮಲ್ಲಿ? ಮೊಬೈಲ್‌ನಲ್ಲಿ ಬರೋ ಟ್ರೆಕ್ ಜಾಹೀರಾತು ನೋಡಿ. ಒಬ್ಬರ ‘ಈಸಿ’ ಇನ್ನೊಬ್ಬರ ‘ಮಾಡರೇಟ್’. ಯಾವ ಅಳತೆ ಅಂತ ಕೇಳಿದರೆ, “ಬನ್ನಿ ಸರ್, ಎಲ್ರೂ ಮಾಡ್ತಾರೆ” ಅನ್ನೋ ಉತ್ತರ.

ನಾನೂ ಈ ಮಾತು ಹೇಳಿದವನೇ. ಕಾಲೇಜು ಮುಗಿಸಿದ ವರ್ಷ ಹನ್ನೊಂದು ಜನ ಕುಮಾರಪರ್ವತಕ್ಕೆ ಹೋಗಿದ್ವಿ. ಒಬ್ಬ ಗೆಳೆಯ ಹಿಂದೆ ಮುಂದೆ ನೋಡ್ತಿದ್ದ. “ಬಾರೋ, ಏನಾಗಲ್ಲ” ಅಂತ ಎಳೆದುಕೊಂಡು ಹೋದವನು ನಾನು. ಕುಕ್ಕೆಯಿಂದ ತುದಿಗೆ ಸುಮಾರು 13 ಕಿಲೋಮೀಟರ್, ಏರು ಹೆಚ್ಚುಕಡಿಮೆ 5,000 ಅಡಿ. ನೈಸ್ಮಿತ್ ಲೆಕ್ಕದಲ್ಲಿ ಐದು ಗಂಟೆ ಚಿಲ್ಲರೆ. ನಾವು ಬೆಳಗ್ಗೆ ಆರಕ್ಕೆ ಹೊರಟವರು ಮಧ್ಯಾಹ್ನ ಎರಡಾದರೂ ಶೇಷಪರ್ವತದಲ್ಲೇ ಇದ್ವಿ. ಅದೂ ಮುಂದಿದ್ದ ಐದು ಜನ. ನಾನು ಆ ಐವರಲ್ಲಿ ಒಬ್ಬ. ಹಿಂದೆ ಯಾರು ಉಳಿದರು ಅಂತ ತಿರುಗಿ ಎಣಿಸಲೂ ಇಲ್ಲ.

ಇಳಿಯುವಾಗ ಕಲ್ಲುಮಂಟಪದ ಹತ್ರ ಅವನು ಕೂತಿದ್ದ. ಮಂಡಿ ಊದಿತ್ತು. ಮೂರು ಗಂಟೆಯಿಂದ ಒಬ್ಬನೇ. ಹೊತ್ತು ಮುಳುಗ್ತಾ ಇತ್ತು. ಬೈಯಲಿಲ್ಲ. “ನಿಮಗೆ ಲೇಟಾಯ್ತಾ?” ಅಂತ ಕೇಳಿದ. ಅವತ್ತು ಮಳೆ ಬಂದಿದ್ದರೆ? ಮಂಜು ಕವಿದಿದ್ದರೆ? ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ.

ಕಾರ್ಖಾನೆಯಲ್ಲಿ ಸಾಲಾಗಿ ಹತ್ತು ಯಂತ್ರ ಇದ್ದರೆ ಉತ್ಪಾದನೆಯ ವೇಗ ನಿರ್ಧರಿಸೋದು ಎಲ್ಲಕ್ಕಿಂತ ನಿಧಾನದ ಯಂತ್ರ. ಪರೀಕ್ಷೆಯಲ್ಲಿ ಇದನ್ನು ಬರೆದು ಮಾರ್ಕ್ಸ್ ತಗೊಂಡವನು ನಾನು. ಬೆಟ್ಟದಲ್ಲಿ ಮರೆತುಬಿಟ್ಟೆ. ಹಾದಿಯ ದರ್ಜೆ ಪುಸ್ತಕದಲ್ಲಿರಬಹುದು. ತಂಡದ ದರ್ಜೆ ಮಾತ್ರ ಕೊನೆಯಲ್ಲಿ ನಡೆಯುವವನ ಕಾಲಲ್ಲಿರುತ್ತೆ.

ಸಹಸ್ರತಾಲ್‌ನಲ್ಲಿ ಹೋದವರ ತಪ್ಪು ಹುಡುಕೋಕೆ ಇದನ್ನು ಹೇಳ್ತಿಲ್ಲ. ಅಂಥ ಗಾಳಿಯ ಮುಂದೆ ವೆಲ್ಜೆನ್‌ಬಾಖ್ ಅಂಥವರೇ ಉಳಿಯಲಿಲ್ಲ. ಮುಂದೆ ಹೋಗುವವರಿಗೆ ಹೇಳ್ತಿದ್ದೇನೆ. ‘ಮಾಡರೇಟ್’ ಅಂದ ತಕ್ಷಣ ದುಡ್ಡು ಕಟ್ಟಬೇಡಿ. ಎಷ್ಟು ದೂರ, ಎಷ್ಟು ಏರು, ಎಷ್ಟು ಗಂಟೆ ಅಂತ ಕೇಳಿ. ಹವಾಮಾನ ಕೆಟ್ಟರೆ ವಾಪಸ್ ಬರೋ ನಿರ್ಧಾರ ಯಾರದು ಅಂತ ಕೇಳಿ. ಕೊನೆಯವನ ಹಿಂದೆ ಯಾರಿರ್ತಾರೆ ಅಂತ ಮರೀದೆ ಕೇಳಿ.

ಇದಕ್ಕೆ ಉತ್ತರ ಸಿಗದಿದ್ದರೆ, ಬೆಟ್ಟ ಎಲ್ಲಿಗೂ ಹೋಗಲ್ಲ. ಇನ್ನೊಂದು ಭಾನುವಾರ ಹತ್ತೋಣ.