ಭಾಗ 4: ನಮ್ಮ ತಾಲ್ಲೂಕಿನ ಓಟ

2025ರ ಫೆಬ್ರುವರಿಯಲ್ಲಿ ಡಲ್ಲಾಸ್‌ನೋರು ಲೂಕಾ ಡಾನ್ಚಿಚ್‌ನ ಲೇಕರ್ಸ್‌ಗೆ ಕೊಟ್ಟಾಗ ಗ್ರೂಪಲ್ಲಿ ಎಷ್ಟು ಜಗಳ ಆಡಿದ್ವಿ, ನೆನಪಿದ್ಯಾ?

ಅದಕ್ಕೆ ಎರಡು ವಾರ ಮುಂಚೆ, ಜನವರಿ 19ರಂದು, ದೆಹಲಿಯಲ್ಲಿ ನಮ್ಮ ಹೆಣ್ಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿ ಮೊದಲ ಖೋ ಖೋ ವಿಶ್ವಕಪ್ ಗೆದ್ದಿದ್ರು. ಆ ತಂಡದ ಬಿ. ಚೈತ್ರಾ ಕುರುಬೂರಿನವರು. ಮೂಗೂರು, ಕುರುಬೂರು ಎರಡೂ ಒಂದೇ ತಾಲ್ಲೂಕು ಕಣ್ರೋ! ಗ್ರೂಪಲ್ಲಿ ಒಂದು ಮೆಸೇಜೂ ಇಲ್ಲ. ನಾನೂ ಹಾಕಿರ್ಲಿಲ್ಲ.

ಒಳ್ಳೆ ಗಾರ್ಡ್ ಎಡಕ್ಕೆ ಅಂತ ತೋರಿಸಿ ಬಲಕ್ಕೆ ನುಗ್ತಾನೆ. ಖೋ ಖೋದಲ್ಲಿ ಓಡೋರು ಮಾಡೋದೂ ಅದೇ, ಕೈಲಿ ಚೆಂಡಿಲ್ಲ ಅಷ್ಟೆ.

2022ರಲ್ಲಿ ಶುರುವಾದ ಅಲ್ಟಿಮೇಟ್ ಖೋ ಖೋದಲ್ಲೂ ಡ್ರಾಫ್ಟ್ ಇತ್ತು, ಗಂಡಸರಿಗೆ ಮಾತ್ರ. ಅಮೆರಿಕದ ಡಬ್ಲ್ಯುಎನ್‌ಬಿಎ ಹೆಂಗಸರ ಡ್ರಾಫ್ಟ್ ಮಾಡಿದ್ದು 1997ರಲ್ಲೇ. ನಮ್ಮೋರಿಗೂ ಬರ್ಲಿ. ಯಾರು ಯಾವ ಟೀಮಿಗೆ ಅಂತ ಅವತ್ತು ರಾತ್ರಿಯೆಲ್ಲ ಜಗಳ ಆಡೋಣ.