ಮುಚ್ಚಳದ ಒಳಮೈಯ ಹದಿನಾಲ್ಕು ಸಾಲುಗಳು: ಹೊರನಾಡಿನ ರೇಡಿಯೋ ರಿಪೇರಿಯ ಚರಿತ್ರೆ

ನಮ್ಮ ಮನೆಯಲ್ಲಿ ಒಂದು ಹಳೆಯ ವಾಲ್ವ್ ರೇಡಿಯೋ ಇದೆ. ಅದು ಮಾತು ನಿಲ್ಲಿಸಿ ಮೂವತ್ತು ವರ್ಷಗಳ ಮೇಲಾಯಿತು. ಅದರ ಹಿಂಬದಿಯ ರಟ್ಟಿನ ಮುಚ್ಚಳವನ್ನು ಬಿಚ್ಚಿದರೆ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದ ಹದಿನಾಲ್ಕು ಸಾಲುಗಳು ಕಾಣುತ್ತವೆ. ಅವು ನನ್ನ ದೊಡ್ಡಪ್ಪನ ಕೈಬರಹ. 1966ರಲ್ಲಿ ವಾಲ್ವ್ ಬದಲಿಸಿದ್ದು, 1971ರಲ್ಲಿ ಎರಡು ಕಂಡೆನ್ಸರ್ ಹಾಕಿದ್ದು, ಡಯಲಿನ ದಾರ ತುಂಡಾದದ್ದು, ಇಲಿ ವೈರು ಕಡಿದದ್ದು ಹೀಗೆ ಪ್ರತಿಯೊಂದು ರಿಪೇರಿಗೂ ಒಂದು ತಾರೀಖು, ಒಂದು ಸಾಲು. ಮುಂಬಯಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಅವರು ಲೆಕ್ಕದ ಪುಸ್ತಕದ ಶಿಸ್ತನ್ನೇ ಇಲ್ಲಿಗೂ ತಂದಿದ್ದರು.

ನಮ್ಮಲ್ಲಿ ರೇಡಿಯೋ ಚರಿತ್ರೆ ಎಂದರೆ ಸಾಮಾನ್ಯವಾಗಿ ಬಾನುಲಿ ಕೇಂದ್ರಗಳ, ಕಲಾವಿದರ, ನಾಟಕ ಮತ್ತು ಗೀತರೂಪಕಗಳ ಚರಿತ್ರೆ. ಧ್ವನಿಯನ್ನು ಕಳಿಸಿದವರ ಬಗೆಗೆ ಸಾಕಷ್ಟು ಬರೆಯಲಾಗಿದೆ. ಅದನ್ನು ಬರಮಾಡಿಕೊಳ್ಳಲು ಮನೆಮನೆಯಲ್ಲಿ ಗಚ್ಚಿ ಹತ್ತಿದವರ, ಬೆಸುಗೆ ಹಾಕಿದವರ ಬಗೆಗೆ ಬರೆದದ್ದು ಕಡಿಮೆ. ಹೊರನಾಡ ಕನ್ನಡಿಗರ ಮಟ್ಟಿಗಂತೂ ಈ ಎರಡನೆಯ ಕಥೆಯೇ ಮುಖ್ಯವೆಂದು ನನ್ನ ಭಾವನೆ. ಬೆಂಗಳೂರಿನಲ್ಲಿ ರೇಡಿಯೋದ ಗುಂಡಿ ತಿರುಗಿಸಿದರೆ ಕನ್ನಡ ತಾನಾಗಿ ಬರುತ್ತಿತ್ತು. ಮುಂಬಯಿಯಲ್ಲಿಯೋ ಮದರಾಸಿನಲ್ಲಿಯೋ ಕುಳಿತವನು ಅದನ್ನು ದುಡಿದು ಪಡೆಯಬೇಕಿತ್ತು.

ರೇಡಿಯೋ ನಮ್ಮ ದೇಶಕ್ಕೆ ಬಂದದ್ದೇ ಹವ್ಯಾಸಿಗಳ ಕೈಯಿಂದ. ಸೀಸದ ಅದಿರಾದ ಗೆಲೀನಾ ಹರಳು ರೇಡಿಯೋ ಅಲೆಗಳನ್ನು ಗುರುತಿಸಬಲ್ಲದೆಂದು ಕಂಡುಕೊಂಡು ಜಗದೀಶಚಂದ್ರ ಬೋಸರು 1901ರಲ್ಲಿ ಅಮೆರಿಕದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1904ರಲ್ಲಿ ಅದು ದೊರೆಯಿತು. ಮುಂದೆ ಅಂಥ ಹರಳಿನ ಮೇಲೆ ಸೂಜಿಯಂಥ ತಂತಿಯೊಂದನ್ನು ಆನಿಸಿ, ಒಂದು ಸುರುಳಿ, ಒಂದು ಉದ್ದ ಏರಿಯಲ್, ಕಿವಿಗೆ ಹಚ್ಚುವ ಫೋನು ಇಷ್ಟರಿಂದಲೇ ಜನ ಮನೆಯಲ್ಲಿ ರೇಡಿಯೋ ಕಟ್ಟತೊಡಗಿದರು. ಅದಕ್ಕೆ ವಿದ್ಯುತ್ತೂ ಬೇಕಿರಲಿಲ್ಲ, ಬ್ಯಾಟರಿಯೂ ಬೇಕಿರಲಿಲ್ಲ. ಪ್ರಸಾರವನ್ನು ಆರಂಭಿಸಿದ್ದೂ ಸರಕಾರಕ್ಕಿಂತ ಮೊದಲು ಕ್ಲಬ್ಬುಗಳು. ಮದರಾಸಿನಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿ ಅವರ ಮುಂದಾಳುತನದಲ್ಲಿ 1924ರಲ್ಲಿ ರೇಡಿಯೋ ಕ್ಲಬ್ಬು ಹುಟ್ಟಿ, ಅದೇ ವರ್ಷ ಪ್ರಸಾರ ಮಾಡಿತು. ಹಣ ಸಾಲದೆ 1927ರಲ್ಲಿ ಕ್ಲಬ್ಬು ನಿಂತಾಗ ಅದರ ಯಂತ್ರವನ್ನು ನಗರಸಭೆ ವಹಿಸಿಕೊಂಡು 1930ರಿಂದ ಪ್ರಸಾರ ನಡೆಸಿತು.

ಕನ್ನಡದ ಕಥೆಯೂ ಹೀಗೆಯೇ ಮನೆಯೊಂದರಲ್ಲಿ ಆರಂಭವಾಗುತ್ತದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ಕೇವಲ 30 ವ್ಯಾಟ್ ಶಕ್ತಿಯ ಪ್ರೇಷಕವಿಟ್ಟು ಪ್ರಸಾರ ಶುರುಮಾಡಿದರು. ಇಂದಿನ ಲೆಕ್ಕದಲ್ಲಿ ಅದು ಒಂದು ಸಣ್ಣ ಬಲ್ಬಿನ ಶಕ್ತಿ. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. 1942ರಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರವಾಯಿತು. ಧಾರವಾಡ ಕೇಂದ್ರ 1950ರ ಜನವರಿಯಲ್ಲಿ ಆರಂಭವಾಗಿತ್ತು. ಊರು ಬಿಟ್ಟು ಬಂದವರ ಸಂಜೆಗಳಿಗೆ ಆಸರೆಯಾದದ್ದು ಮುಖ್ಯವಾಗಿ ಈ ಎರಡು ಕೇಂದ್ರಗಳು.

ದೊಡ್ಡಪ್ಪ ರೇಡಿಯೋ ಕೊಂಡದ್ದು 1964ರಲ್ಲಿ, ತಮ್ಮ ತಾಯಿಗಾಗಿ. ಅಜ್ಜಿ ಹುಬ್ಬಳ್ಳಿ ಕಡೆಯ ಹಳ್ಳಿಯಿಂದ ಮಗನ ಜೊತೆ ಇರಲೆಂದು ಮುಂಬಯಿಗೆ ಬಂದವರು. ಓದು ಬರಹ ಬಾರದು, ಹಿಂದಿ ತಿಳಿಯದು, ಚಾಳಿನ ಹೆಂಗಸರ ಮರಾಠಿ ಅರ್ಧಂಬರ್ಧ ತಿಳಿಯುತ್ತಿತ್ತು. ಹಗಲಿಡೀ ಅವರ ಕಿವಿಗೆ ಕನ್ನಡ ಬೀಳುತ್ತಿದ್ದುದು ಮನೆಯ ನಾಲ್ಕು ಜನರ ಬಾಯಿಂದ ಮಾತ್ರ.

ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಿತ್ತೆಂಬುದು ಇಂದಿನ ಯುವಕರಿಗೆ ಅಚ್ಚರಿಯ ಸಂಗತಿ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟಿ, ಸಣ್ಣ ಪುಸ್ತಕದಲ್ಲಿ ಸ್ಟಾಂಪು ಅಂಟಿಸಿಕೊಂಡು ಬರಬೇಕಿತ್ತು. ನಮ್ಮ ಮನೆಯ ಪುಸ್ತಕದಲ್ಲಿ ವರ್ಷಕ್ಕೆ 15 ರೂಪಾಯಿಯ ಗುರುತುಗಳಿವೆ. 1980ರ ದಶಕದ ನಡುವೆ ಈ ಪದ್ಧತಿ ರದ್ದಾಯಿತು.

ಪೆಟ್ಟಿಗೆ ಮನೆಗೆ ಬಂದರೆ ಕೆಲಸ ಮುಗಿಯುತ್ತಿರಲಿಲ್ಲ. ವಾಲ್ವ್ ರೇಡಿಯೋ ದೂರದ ಕೇಂದ್ರವನ್ನು ಹಿಡಿಯಬೇಕಾದರೆ ಅದಕ್ಕೆ ಮೇಲೊಂದು ಏರಿಯಲ್, ಕೆಳಗೊಂದು ಅರ್ಥ್ ಬೇಕು. ಎರಡು ಬಿದಿರು ಗಳುಗಳನ್ನು ನಿಲ್ಲಿಸಿ, ತಾಮ್ರದ ತಂತಿಯ ಎರಡೂ ತುದಿಗೆ ಪಿಂಗಾಣಿಯ ಗುಂಡುಗಳನ್ನು ಕಟ್ಟಿ, ತಂತಿ ಎಲ್ಲಿಯೂ ಗೋಡೆಗೆ ತಾಗದಂತೆ ಬಿಗಿಯಬೇಕು. ಊರಿನ ಮನೆಗಳಲ್ಲಿ ಹಿತ್ತಿಲಿನಲ್ಲಿ ಗುಂಡಿ ತೋಡಿ, ಕೊಳವೆ ಹುಗಿದು, ಇದ್ದಿಲು ಮತ್ತು ಉಪ್ಪು ತುಂಬಿ ಅರ್ಥ್ ಮಾಡುತ್ತಿದ್ದರು. ಬೇಸಗೆಯಲ್ಲಿ ತುಳಸಿಗೆ ನೀರೆರೆದ ಮೇಲೆ ಆ ಕೊಳವೆಯ ಬಾಯಿಗೂ ಒಂದು ಚೊಂಬು ನೀರು ಹಾಕುವುದು ಹಿರಿಯರ ನಿತ್ಯಕರ್ಮ. ಮಣ್ಣು ಒಣಗಿದರೆ ಧ್ವನಿಯೂ ಸೊರಗುತ್ತಿತ್ತು. ಮಣ್ಣೇ ಇಲ್ಲದ ಚಾಳಿನಲ್ಲಿ ನಲ್ಲಿಯ ಕೊಳವೆಗೆ ತಂತಿ ಸುತ್ತುವುದು ರೂಢಿ. ಗುಡುಗು ಕೇಳಿದೊಡನೆ ಏರಿಯಲ್ಲಿನ ಪಿನ್ನು ಕಿತ್ತಿಡುವ ಕೆಲಸ ಮನೆಯ ಮಕ್ಕಳದು.

ಮುಂಬಯಿಯ ಮಳೆಗಾಳಿಗೆ ನಮ್ಮ ಏರಿಯಲ್ಲು ವರ್ಷಕ್ಕೊಮ್ಮೆಯಾದರೂ ಕಳಚುತ್ತಿತ್ತು. ನವರಾತ್ರಿಗೆ ಮುಂಚೆ ಒಂದು ಭಾನುವಾರ ದೊಡ್ಡಪ್ಪ ಅದನ್ನು ಮತ್ತೆ ಕಟ್ಟುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪರೀಕ್ಷೆ. ಅವರು ಗಚ್ಚಿಯಲ್ಲಿ, ನಾನು ಮೆಟ್ಟಿಲ ತಿರುವಿನಲ್ಲಿ, ಅಜ್ಜಿ ರೇಡಿಯೋದ ಮುಂದೆ. “ಬಂತೇನವ್ವಾ ಧಾರವಾಡ?” ಎಂಬ ಪ್ರಶ್ನೆಯನ್ನು ನಾನು ಕೆಳಕ್ಕೆ ಮುಟ್ಟಿಸಬೇಕು, “ಬಂತ್ ನೋಡಪಾ, ಹಂಗ ಇರ್ಲಿ, ಅಲಗಾಡಸಬ್ಯಾಡ” ಎಂಬ ಉತ್ತರವನ್ನು ಮೇಲಕ್ಕೆ.

ಪರೀಕ್ಷೆ ಸಂಜೆಯೇ ಏಕೆ ನಡೆಯುತ್ತಿತ್ತು ಎಂಬುದಕ್ಕೆ ಆಕಾಶದಲ್ಲಿ ಕಾರಣವಿದೆ. ಹಗಲಿನಲ್ಲಿ ಸೂರ್ಯನ ಕಿರಣಗಳಿಂದ ವಾತಾವರಣದ ಮೇಲ್ಭಾಗದಲ್ಲಿ ಒಂದು ಪದರ ಉಂಟಾಗಿ, ಮೇಲೇರುವ ಮೀಡಿಯಂ ವೇವ್ ಅಲೆಗಳನ್ನು ಹೀರಿಬಿಡುತ್ತದೆ. ನೆಲಗುಂಟ ಸಾಗುವ ಅಲೆ ಒಂದಷ್ಟು ದೂರ ಹೋಗಿ ಕ್ಷೀಣಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಎತ್ತರದ ಪದರಗಳಿಗೆ ತಾಗಿ ಪ್ರತಿಫಲಿಸಿ ನೂರಾರು ಮೈಲಿ ಆಚೆ ಇಳಿಯುತ್ತವೆ. ಹಗಲೆಲ್ಲ ಕೇಳದ ಧಾರವಾಡ ಕತ್ತಲಾದ ಮೇಲೆ ಮುಂಬಯಿಗೆ, ಬೆಂಗಳೂರು ಅದಕ್ಕೂ ದೂರದ ಊರುಗಳಿಗೆ ತಲುಪುತ್ತಿದ್ದುದು ಹೀಗೆ. ಬಂದ ಧ್ವನಿಯೂ ಒಂದೇ ಸಮನೆ ಇರುತ್ತಿರಲಿಲ್ಲ. ಅಲೆಯ ಹಾಗೆ ಉಬ್ಬಿ ಇಳಿಯುತ್ತಿತ್ತು. ನಾಟಕದ ಮುಖ್ಯ ಮಾತಿನ ಹೊತ್ತಿಗೇ ಮುಳುಗುತ್ತಿತ್ತು. ನುಂಗಿಹೋದ ಮಾತನ್ನು ಅಜ್ಜಿ ತಾವೇ ತುಂಬಿಕೊಳ್ಳುತ್ತಿದ್ದರು. ಇಲ್ಲಿ ಇನ್ನೊಂದು ಸ್ವಾರಸ್ಯವಿದೆ: ಆಕಾಶವಾಣಿಯ ಕನ್ನಡ ವಾರ್ತೆಗಳನ್ನು ದೀರ್ಘಕಾಲ ಓದುತ್ತಿದ್ದವರು ದೆಹಲಿಯಲ್ಲಿದ್ದ ಕನ್ನಡಿಗರು. ಅವರ ಧ್ವನಿ ರಾಜ್ಯದ ಕೇಂದ್ರಗಳಿಂದ ಮರುಪ್ರಸಾರವಾಗುತ್ತಿತ್ತು. ನಾಡಿನ ವಾರ್ತೆಯೂ ಹೊರನಾಡಿನಿಂದಲೇ ಹೊರಡುತ್ತಿತ್ತೆಂದಾಯಿತು.

ರಿಪೇರಿಯ ವಿಷಯಕ್ಕೆ ಬರೋಣ. ವಾಲ್ವ್ ರೇಡಿಯೋದ ದೋಷಗಳನ್ನು ಕಿವಿಯಿಂದಲೇ ಬಹುಪಾಲು ಗುರುತಿಸಬಹುದಿತ್ತು. ಗುಂಡಿ ತಿರುಗಿಸುವಾಗ ಕರಕರ ಎಂದರೆ ವಾಲ್ಯೂಮ್ ಕಂಟ್ರೋಲಿನ ಇದ್ದಿಲು ಪಟ್ಟಿಯಲ್ಲಿ ಕೊಳೆ. ಮುಳ್ಳು ಅಲುಗದೆ ಗುಂಡಿ ಮಾತ್ರ ತಿರುಗಿದರೆ ಡಯಲಿನ ದಾರ ಸಡಿಲ. ಒಂದೇ ಸಮನೆ ಗುಂಯ್ ಎಂಬ ಸದ್ದು ಬಂದರೆ ದೊಡ್ಡ ಕಂಡೆನ್ಸರ್ ಒಣಗಿದೆ ಎಂದರ್ಥ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುವಂಥದು. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದ ಮೇಲೂ ಉಳಿಯುವ ಏರಿಳಿತವನ್ನು ನಯಮಾಡುವುದು ಆ ಕಂಡೆನ್ಸರಿನ ಕೆಲಸ. ಅದರೊಳಗಿನ ದ್ರವ ವರ್ಷಗಳು ಕಳೆದಂತೆ ಒಣಗಿ, ಆ ಏರಿಳಿತವೇ ಸ್ಪೀಕರಿನಲ್ಲಿ ಕೇಳತೊಡಗುತ್ತದೆ. ಕೆಲವು ರೂಪಾಯಿಗಳ ಒಂದು ಬಿಡಿಭಾಗ ಹಾಕಿದರೆ ಸದ್ದು ನಿಲ್ಲುತ್ತಿತ್ತು.

ಕೆಲಸ ಸುಲಭವಾದರೂ ಅಪಾಯವಿಲ್ಲದ್ದಲ್ಲ. ಪೆಟ್ಟಿಗೆಯೊಳಗೆ 200 ವೋಲ್ಟಿಗೂ ಹೆಚ್ಚಿನ ವಿದ್ಯುತ್ತು ಇರುತ್ತಿತ್ತು. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತಿತ್ತು. ಒಳಗೆ ಕೈಹಾಕುವಾಗ ಎಡಗೈ ಬೆನ್ನ ಹಿಂದೆ ಇರಲಿ ಎಂಬುದು ಹಳಬರ ನಿಯಮ. ಎರಡು ಕೈಯೂ ತಾಗಿದರೆ ವಿದ್ಯುತ್ತು ಎದೆಯ ಮೂಲಕ ಹಾಯುತ್ತದೆ. ದೊಡ್ಡಪ್ಪ ಹಾಗೆ ಒಂದು ಕೈ ಹಿಂದಕ್ಕೆ ಕಟ್ಟಿ ಬಗ್ಗಿ ನಿಂತಾಗ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸುತ್ತಿರಲಿಲ್ಲ.

ಬಿಡಿಭಾಗಗಳಿಗಾಗಿ ಪ್ರತಿ ನಗರದಲ್ಲಿಯೂ ಒಂದು ಬೀದಿ ಇತ್ತು. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಮದರಾಸಿನ ರಿಚಿ ಸ್ಟ್ರೀಟ್, ದೆಹಲಿಯಲ್ಲಿ ಕೆಂಪುಕೋಟೆಯ ಎದುರಿನ ಲಜಪತರಾಯ್ ಮಾರ್ಕೆಟ್, ಪುಣೆಯ ತಾಪಕೀರ್ ಗಲ್ಲಿ, ಹೈದರಾಬಾದಿನ ಕೋಠಿ. ಓದುಗರಲ್ಲಿ ಹಲವರು ತಂದೆಯ ಬೆರಳು ಹಿಡಿದು ಇವುಗಳಲ್ಲೊಂದರಲ್ಲಿ ಅಲೆದಿರಬಹುದು. ಆ ಅಂಗಡಿಗಳ ಡಬ್ಬಿಗಳಲ್ಲಿ ಕರ್ನಾಟಕದ ಒಂದು ತುಣುಕೂ ಇರುತ್ತಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಮುಖ್ಯವಾಗಿ ಸೈನ್ಯದ ಸಲಕರಣೆಗಳಿಗಾಗಿ ಹುಟ್ಟಿದ್ದು. ಆದರೆ ಅದು ತಯಾರಿಸಿದ ವಾಲ್ವುಗಳೂ ಟ್ರಾನ್ಸಿಸ್ಟರುಗಳೂ ಸಾಮಾನ್ಯರ ರೇಡಿಯೋಗಳಿಗೂ ಬಂದವು. ಜಾಲಹಳ್ಳಿಯ ವಾಲ್ವ್ ಹಾಕಿ ಧಾರವಾಡ ಕೇಳುತ್ತೇವೆಂದು ದೊಡ್ಡಪ್ಪ ಹೇಳಿಕೊಳ್ಳುತ್ತಿದ್ದರು.

ಟ್ರಾನ್ಸಿಸ್ಟರ್ ಬಂದ ಮೇಲೆ ಗಚ್ಚಿಯ ತಂತಿಗೆ ಕೆಲಸ ಕಡಿಮೆಯಾಯಿತು. ಅದರೊಳಗಿನ ಫೆರೈಟ್ ಕಡ್ಡಿಯೇ ಏರಿಯಲ್. ಕಡ್ಡಿಯ ಮಗ್ಗುಲು ಕೇಂದ್ರದ ದಿಕ್ಕಿಗಿದ್ದರೆ ಧ್ವನಿ ಗಟ್ಟಿ. ತುದಿ ಆ ದಿಕ್ಕಿಗೆ ತಿರುಗಿದರೆ ಧ್ವನಿ ಮಾಯ. ಪಾರ್ಕಿನ ಬೆಂಚಿನ ಮೇಲೆ ಟ್ರಾನ್ಸಿಸ್ಟರನ್ನು ಹಿಡಿದು ಇಂಚಿಂಚಾಗಿ ತಿರುಗಿಸುತ್ತ ಕೂತ ನಿವೃತ್ತರನ್ನು ಕಂಡರೆ, ಅವರ ಊರು ಯಾವ ದಿಕ್ಕಿನಲ್ಲಿದೆ ಎಂದು ಹೇಳಬಹುದಿತ್ತು.

ಮುಚ್ಚಳದ ಹತ್ತನೆಯ ಸಾಲು ಹೀಗಿದೆ: “ನವೆಂಬರ್ 78. ಧಾರವಾಡ ಸರಿದಿದೆ. ರೇಡಿಯೋ ಸರಿ ಇದೆ.” ಇದರ ಅರ್ಥ ನನಗೆ ಬಹಳ ಕಾಲ ತಿಳಿದಿರಲಿಲ್ಲ. 1975ರ ಜಿನೀವಾ ಒಪ್ಪಂದದಂತೆ 1978ರ ನವೆಂಬರ್ 23ರಂದು ಅಮೆರಿಕ ಖಂಡಗಳನ್ನು ಬಿಟ್ಟು ಉಳಿದ ಜಗತ್ತಿನ ಮೀಡಿಯಂ ವೇವ್ ಕೇಂದ್ರಗಳು 9 ಕಿಲೋಹರ್ಟ್ಸ್ ಅಂತರದ ಹೊಸ ಪಟ್ಟಿಗೆ ಬದಲಾದವು. ಬೆಂಗಳೂರಿನ 612, ಧಾರವಾಡದ 765 ಎರಡೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದು ಅದಕ್ಕಾಗಿ. ಮುಳ್ಳು ಕೂದಲೆಳೆಯಷ್ಟು ಸರಿದದ್ದನ್ನು ಅವರು ಗಮನಿಸಿ, ಯಂತ್ರದ ತಪ್ಪಲ್ಲವೆಂದು ಖಚಿತಪಡಿಸಿಕೊಂಡು ಬರೆದಿಟ್ಟಿದ್ದರು.

1980ರ ದಶಕದಲ್ಲಿ ಗಚ್ಚಿಗಳ ಮೇಲೆ ಟಿವಿಯ ಅಲ್ಯೂಮಿನಿಯಂ ಆಂಟೆನಾಗಳು ಬಂದವು. ಆದರೆ ಟಿವಿಯ ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯ ದೂರಕ್ಕೆ ಮಾತ್ರ ಸಾಗುವಂಥವು. ರಾತ್ರಿಯಾದರೂ ಬೆಂಗಳೂರು ದೂರದರ್ಶನ ಮುಂಬಯಿಗೆ ಬರುವಂತಿರಲಿಲ್ಲ. 1994ರಲ್ಲಿ ಉದಯ ಟಿವಿ ಉಪಗ್ರಹದ ಮೂಲಕ ಬರುವವರೆಗೂ ನಮ್ಮಂಥವರಿಗೆ ದಿನನಿತ್ಯದ ಕನ್ನಡದ ಧ್ವನಿ ರೇಡಿಯೋ ಒಂದರಲ್ಲಿಯೇ ಇತ್ತು. ನಾಡಿನೊಳಗೆ ಹಳೆಯ ರೇಡಿಯೋಗಳು ಅಟ್ಟ ಸೇರಿದ ಕಾಲದಲ್ಲಿಯೂ ಹೊರನಾಡಿನ ಮುದುಕರು ಅವನ್ನು ರಿಪೇರಿ ಮಾಡುತ್ತಲೇ ಇದ್ದರು. ಅದು ಕೇವಲ ಹಳೆಯದರ ಮೇಲಿನ ಮೋಹವಾಗಿರಲಿಲ್ಲ.

ಅಜ್ಜಿ 1982ರಲ್ಲಿ ತೀರಿಕೊಂಡರು. ದೊಡ್ಡಪ್ಪ ಆಮೇಲೂ ಹನ್ನೊಂದು ವರ್ಷ ಆ ರೇಡಿಯೋವನ್ನು ನಡೆಸಿದರು. ಕೊನೆಯ ಸಾಲು 1993ರದು: “ಗುಂಯ್ ಶಬ್ದ. ಬಿಟ್ಟಿದೆ.” ಆ ದಿನ ನನಗೆ ಚೆನ್ನಾಗಿ ನೆನಪಿದೆ. ಕಂಡೆನ್ಸರ್ ತಂದಿಟ್ಟಿದ್ದರು, ಕೈ ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು. ಸಾಲ್ಡರಿಂಗ್ ಐರನ್ನನ್ನು ನನ್ನ ಕಡೆಗೆ ಚಾಚಿ “ನೀ ಹಚ್ಚು, ನಾ ಹೇಳ್ತೀನಿ” ಎಂದರು. ನನಗೆ ಅವಸರವಿತ್ತು. “ದೊಡ್ಡಪ್ಪಾ, ಹೊಸಾದೊಂದು ತಂದುಕೊಡ್ತೀನಿ ಬಿಡ್ರಿ” ಎಂದೆ. ತಂದುಕೊಟ್ಟೆ ಕೂಡ. ಅದನ್ನು ಬಿಚ್ಚಲು ಹಿಂದೆ ಸ್ಕ್ರೂಗಳೇ ಇರಲಿಲ್ಲ.

ಇಂದು ಧಾರವಾಡ ಆಕಾಶವಾಣಿ ಮೊಬೈಲಿನಲ್ಲಿ ನಡುಹಗಲಿನಲ್ಲಿಯೂ ಸ್ಪಷ್ಟವಾಗಿ ಕೇಳುತ್ತದೆ. ಅಜ್ಜಿಗೆ ಇದು ದೊರೆತಿದ್ದರೆ ಎಷ್ಟು ಹಿಗ್ಗುತ್ತಿದ್ದರು ಎನಿಸುತ್ತದೆ. ಈ ಅನುಕೂಲವನ್ನು ನಾನು ಹಳಿಯಲಾರೆ. ಆದರೆ ಮೊಬೈಲು ಕೆಟ್ಟಾಗ ನಾವು ಮಾಡಬಹುದಾದದ್ದು ಬಹಳ ಕಡಿಮೆ. ವಸ್ತುಗಳನ್ನು ಬಿಚ್ಚಿ ದುರಸ್ತಿ ಮಾಡಿಕೊಳ್ಳುವ ಹಕ್ಕು ಗ್ರಾಹಕನಿಗಿರಬೇಕೆಂದು ಕೇಂದ್ರ ಸರಕಾರವೇ 2022ರಲ್ಲಿ ಒಂದು ಸಮಿತಿಯನ್ನು ನೇಮಿಸಬೇಕಾಯಿತು. ದೊಡ್ಡಪ್ಪನ ಪೀಳಿಗೆಗೆ ಅದು ಕೇಳಿ ಪಡೆಯಬೇಕಾದ ಹಕ್ಕಾಗಿರಲಿಲ್ಲ. ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕಿತ್ತು.

ನನಗೀಗ ಅರವತ್ತು ದಾಟಿದೆ. ಕಳೆದ ತಿಂಗಳು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಸಾಲ್ಡರಿಂಗ್ ಐರನ್, ರಾಳ, ಎರಡು ಕಂಡೆನ್ಸರುಗಳನ್ನು ತಂದಿದ್ದೇನೆ. ಅಂಗಡಿಯವರು ಯಾವುದಕ್ಕೆಂದು ಕೇಳಿ, ಹೇಳಿದ ಮೇಲೆ, ಎಡಗೈ ಹಿಂದೆ ಇಟ್ಟುಕೊಳ್ಳಿ ಎಂದರು. ಮೊದಲು ಬೇಡದ ತಂತಿಗಳ ಮೇಲೆ ಬೆಸುಗೆ ಕಲಿಯುತ್ತಿದ್ದೇನೆ. ಮುಚ್ಚಳದ ಒಳಮೈಯಲ್ಲಿ ಹದಿನಾಲ್ಕನೆಯ ಸಾಲಿನ ಕೆಳಗೆ ಇನ್ನೂ ಜಾಗವಿದೆ.